ಗಜೇಂದ್ರಗಡದಿಂದ ಬರುತ್ತಿದ್ದ ಉಸಿರು

ನರಗುಂದದ ಆ ಸೀರೆ ಅಂಗಡಿಯಲ್ಲಿ ಫೋನು ಮೊದಲ ಸಲ ನನ್ನೆದುರಿಗೇ ರಿಂಗಾದಾಗ ಶಟರ್ ಇನ್ನೂ ಅರ್ಧ ಮಾತ್ರ ಎದ್ದಿತ್ತು. ಬಿಸಿಲು ಆಗಷ್ಟೇ ಗುಡ್ಡದ ನೆತ್ತಿಗೆ ತಗುಲಿತ್ತು. ಯಜಮಾನರ ಮಗ ನನ್ನ ಮುಖ ನೋಡಿ, "ನೀವ ಎತ್ರಿ. ಕೇಳ್ರಿ ಒಮ್ಮೆ," ಎಂದು ತಾನು ಸೀರೆಗಳ ಕಪಾಟಿನ ಕಡೆಗೆ ಸರಿದ. ನಾನು ರಿಸೀವರ್ ಎತ್ತಿ ಕಿವಿಗಿಟ್ಟೆ.

ಮಾತಿಲ್ಲ. ಸರ್ರನೆ ಉದ್ದಕ್ಕೆ ಒಳಗೆಳೆದುಕೊಂಡ ಹಾಗೆ ಒಂದು ಸದ್ದು, ಆಮೇಲೆ ಒಂದು ತಡೆ, ಮತ್ತೆ ಅಷ್ಟೇ ಉದ್ದಕ್ಕೆ ಹೊರಗೆ. ವಯಸ್ಸಾದವರು ಮೆಟ್ಟಿಲು ಹತ್ತಿ ಬಂದು ಕೂತಾಗ ಉಸಿರಾಡುತ್ತಾರಲ್ಲ, ಥೇಟು ಹಾಗೆ. "ಹಲೋ, ಯಾರು ಮಾತಾಡೋದು?" ಎಂದೆ. ಅರೆಗಳಿಗೆ ಬಿಟ್ಟು ಆ ಕಡೆಯಿಂದ ನನ್ನದೇ ದನಿ, ಬಹಳ ಬಳಲಿದ ಹಾಗೆ, ಯಾರು ಮಾತಾಡೋದು ಎಂದು ನನ್ನನ್ನೇ ಕೇಳಿತು. ನನ್ನ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ.

ನಾನಾಗ ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿದ್ದೆ. ನಾಲ್ಕಾರು ಊರುಗಳಲ್ಲಿ ಅಂಗಡಿ, ಗೋದಾಮು ಇಟ್ಟುಕೊಂಡವರಿಗೆ ಅವರದೇ ಆದ ಖಾಸಗಿ ಜಾಲವೊಂದನ್ನು ಕಟ್ಟಿಕೊಡುವುದು ನಮ್ಮ ಕೆಲಸ. ಮೊಬೈಲು ಬಂದಿದ್ದರೂ ಒಂದೊಂದು ನಿಮಿಷಕ್ಕೂ ಜನ ದುಡ್ಡಿನ ಲೆಕ್ಕ ಹಾಕಿ ಮಾತಾಡುತ್ತಿದ್ದ ಕಾಲ ಅದು. ಈ ಸೀರೆ ವ್ಯಾಪಾರಿಗಳ ದೊಡ್ಡ ಅಂಗಡಿ ನರಗುಂದದಲ್ಲಿತ್ತು, ಗೋದಾಮು ರೋಣದಲ್ಲಿ, ನೇಕಾರರಿಂದ ಕೈಮಗ್ಗದ ಸೀರೆ ಪಡೆಯುವ ಕೇಂದ್ರ ಗಜೇಂದ್ರಗಡದಲ್ಲಿ. ಟೆಲಿಫೋನ್ ಇಲಾಖೆಯಿಂದ ಬಾಡಿಗೆಗೆ ಲೈನು ಪಡೆದು, ನರಗುಂದವನ್ನು ರೋಣಕ್ಕೂ ರೋಣವನ್ನು ಗಜೇಂದ್ರಗಡಕ್ಕೂ ಜೋಡಿಸಿ, ತುದಿತುದಿಗೆ ಮೋಡೆಮ್, ರೌಟರ್ ಕೂರಿಸಿದ್ದೆವು. ಯಾವ ಊರಿನಲ್ಲಿ ಯಾವ ಸೀರೆ ಇದೆ ಎಂಬುದು ಮೂರೂ ಕಡೆಯ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ಅದೇ ಲೈನಿನ ಮೇಲೆ ಮಾತೂ ಹೋಗುತ್ತಿತ್ತು. ನಂಬರ್ ಒತ್ತುವ ಗೋಜಿಲ್ಲ. ಗಜೇಂದ್ರಗಡದಲ್ಲಿ ರಿಸೀವರ್ ಎತ್ತಿದರೆ ಸಾಕು, ನರಗುಂದದಲ್ಲಿ ಗಂಟೆ ಹೊಡೆದುಕೊಳ್ಳುತ್ತಿತ್ತು. ಹೊರಗಿನವರು ಯಾರೂ ಈ ದಾರಿಯೊಳಗೆ ಕಾಲಿಡಲಾರರು ಎಂದು ಎದೆ ತಟ್ಟಿ ಹೇಳಿಯೇ ನಾವು ಅದನ್ನು ಮಾರಿದ್ದು.

ಆ ಬೇಸಿಗೆಯಲ್ಲಿ ಗಜೇಂದ್ರಗಡ ಕೇಂದ್ರದ ಹಳೆಯ ಏಜೆಂಟರು ತೀರಿಕೊಂಡಿದ್ದರು. ನರಗುಂದದ ಯಜಮಾನರಿಗೂ ಅವರಿಗೂ ಹರೆಯದಿಂದಲೂ ಗೆಳೆತನ. ಬೆಳಿಗ್ಗೆ ಮೊದಲ ಮಾತು ಇಬ್ಬರದೂ ಈ ಫೋನಿನಲ್ಲೇ ಆಗುತ್ತಿತ್ತಂತೆ. ಅವರು ಹೋಗಿ ತಿಂಗಳು ಕಳೆಯುವುದರೊಳಗೆ, ವಾರದಲ್ಲಿ ಕೆಲವು ದಿನ, ಕೇಂದ್ರದ ಬಾಗಿಲು ತೆರೆಯುವ ಮೊದಲೇ ಅಲ್ಲಿಂದ ಕರೆ ಬರತೊಡಗಿತು.

"ಕೀಲಿ ಇರೂದು ಎರಡ ನೋಡ್ರಿ," ಎಂದ ಮಗ. "ಒಂದು ನನ್ನ ಹಂತೇಕ ಐತಿ, ಇನ್ನೊಂದು ಅಲ್ಲಿ ಕಂಪ್ಯೂಟರ್ ನೋಡ್ಕೊಳ್ಳೂ ಹೆಣ್ಮಗಳು, ಆ ಬಾಯಿ ಹಂತೇಕ. ನಾ ಅಂತೂ ನಸುಕಿನ್ಯಾಗ ಗಜೇಂದ್ರಗಡಕ್ಕ ಹೋಗಿ ಉಸುರು ಬಿಟ್ಟು ಬರಂಗಿಲ್ಲ. ವಯಸ್ಸಾದ ಮನಶಾನ್ನ ಆಡಸಾಕತ್ತಾಳ ಆಕಿ. ನನಗ ಪುರಾವೆ ಬೇಕ್ರಿ. ಸಿಕ್ಕ ದಿನಾನ ಆಕೀನ ಮನಿಗೆ ಕಳಸ್ತೀನಿ."

ಅಷ್ಟರಲ್ಲಿ ಯಜಮಾನರು ನಮಾಜು ಮುಗಿಸಿ ಬಂದರು. ನನ್ನ ಕೈಯಿಂದ ರಿಸೀವರನ್ನು ಮೆತ್ತಗೆ ತೆಗೆದುಕೊಂಡು, ಗೋಡೆಯ ಕಡೆ ತಿರುಗಿ, "ಆರಾಮ ಅದಿಯೇನೋ?" ಎಂದು ಶುರು ಮಾಡಿದರು. ನೂಲಿನ ಧಾರಣೆ ಹೇಳಿದರು, ಮೊಣಕಾಲು ನೋವು ಹೇಳಿದರು, ನಡುವೆ ತಡೆದು ಕೇಳಿಸಿಕೊಂಡರು, ನಕ್ಕರು. ನಾನೂ ಮಗನೂ ನೆಲ ನೋಡುತ್ತಾ ನಿಂತೆವು. ಕೊನೆಗೆ ಕರೆ ತಾನಾಗಿ ಕಡಿದುಹೋಯಿತು.

"ನಾ ಅಂದದ್ದ ತಿರುಗಿ ಅಂತಾನ್ರಿ," ಎಂದರು ನನಗೆ. "ಮದ್ಲಿಂದ್ಲೂ ಹಂಗ ಅವ. ನನ್ನ ಮಾತಿಗೆ ಇಲ್ಲ ಅಂದಾವಲ್ಲ. ನೀವು ಏನರ ರಿಪೇರಿ ಮಾಡ್ರಿ, ಆ ಲೈನ್ ಮಾತ್ರ ಮುಟ್ಟಬ್ಯಾಡ್ರಿ."

ದೆವ್ವಕ್ಕೆ ಹೆದರುವ ಜಾಯಮಾನ ನನ್ನದಲ್ಲ. ಸಡಿಲ ಜೋಡಣೆಗೆ ಹೆದರುತ್ತೇನೆ, ಅದು ಬೇರೆ. ನನ್ನ ದನಿ ವಾಪಸು ಬಂದದ್ದಕ್ಕೆ ಕಾರಣ ನನಗೆ ಗೊತ್ತಿತ್ತು. ಆ ತುದಿಯಲ್ಲಿ ಸರಿಯಾದ ಫೋನಿಲ್ಲದೆ ತಂತಿ ಅರೆಬರೆ ತೆರೆದಿದ್ದರೆ ಹೋದ ಮಾತು ಮುಗ್ಗರಿಸಿ ಹಿಂದಕ್ಕೆ ಬರುತ್ತದೆ. ಉಸಿರಿಗೆ ಮಾತ್ರ ನನ್ನಲ್ಲಿ ಕಾರಣವಿರಲಿಲ್ಲ.

ರೋಣಕ್ಕೆ ಹೋಗಿ ಗೋದಾಮಿನ ರೌಟರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಕೂತೆ. ಹೊರಗಿನಿಂದ ಯಾರಾದರೂ ನುಸುಳಿದ್ದಾರೆಯೇ ಎಂದು ನೋಡಿದೆ. ಯಾರೂ ಇಲ್ಲ. ಅಲ್ಲಿಂದಲೇ ಗಜೇಂದ್ರಗಡದ ರೌಟರಿನೊಳಗೆ ಹೋಗಿ ಅದರ ನೆನಪನ್ನು ಕೆದಕಿದೆ. ಕರೆ ಬಂದ ಪ್ರತಿ ಬೆಳಿಗ್ಗೆಯೂ ಅದು ಒಂದೇ ಮಾತು ಹೇಳಿತು: ಇಲ್ಲಿ ರಿಸೀವರ್ ಎತ್ತಲಾಗಿದೆ. ಯಂತ್ರಕ್ಕೆ ದುಃಖವೂ ಇಲ್ಲ, ಅನುಮಾನವೂ ಇಲ್ಲ. ಅದು ಎತ್ತಿದ್ದಾರೆ ಎಂದರೆ ಎತ್ತಿರಲೇಬೇಕು ಎಂದುಕೊಂಡು ನಾನು ಅಬ್ಬಿಗೇರಿ, ನರೇಗಲ್ ದಾಟಿ ಗಜೇಂದ್ರಗಡಕ್ಕೆ ಬಸ್ಸು ಹಿಡಿದೆ.

ಕೇಂದ್ರ ಇದ್ದದ್ದು ನೇಕಾರರ ಇಕ್ಕಟ್ಟಿನ ಓಣಿಯೊಂದರಲ್ಲಿ. ತಲೆ ಎತ್ತಿ ನೋಡಿದರೆ ಗುಡ್ಡದ ಸಾಲು, ಅದರ ಮೇಲೆ ಗಾಳಿಯಂತ್ರಗಳು. ನೇಕಾರರು ಕಂಪ್ಯೂಟರ್ ಅಕ್ಕ ಎಂದು ಕರೆಯುತ್ತಿದ್ದ ಆ ಹೆಣ್ಣುಮಗಳು ಹತ್ತಿರದ ಪುರ್ತಗೇರಿಯ ಒಕ್ಕಲು ಮನೆತನದ ಸೊಸೆ. ದಿನಾ ಅಲ್ಲಿಂದ ಬಂದು ಹೋಗುತ್ತಿದ್ದರು. ನಾನು ಮೋಡೆಮ್ ಬಿಚ್ಚುವುದನ್ನು ಸುಮ್ಮನೆ ನೋಡುತ್ತಾ ಕೂತಿದ್ದವರು ಕೊನೆಗೆ ಬಾಯಿ ಬಿಟ್ಟರು.

"ನನ್ನ ಮ್ಯಾಲ ಸಂಶೇ ಐತಿ ಅಂತ ನನಗ ಗೊತ್ತೈತ್ರಿ. ನೌಕರಿ ಹೋಗೂದು ಬ್ಯಾರೆ ಮಾತು. ಹೆಸರು ಕೆಡಿಸ್ಕೊಂಡು ಹೋದ್ನಿ ಅಂದ್ರ ನಮ್ಮ ಮನ್ಯಾಗ ಮತ್ತ ಹೊಸ್ತಲಾ ದಾಟಗೊಡೂದಿಲ್ರಿ ನನ್ನ. ಇಷ್ಟಕ್ಕ ಭಾಳ ಜಗಳಾಡಿ ಬಂದೀನ್ರಿ ನಾ."

"ನೀವು ಬೆಳಿಗ್ಗೆ ಬಂದು ಫೋನ್ ಎತ್ತುತ್ತೀರೇನು?" ಎಂದು ನೇರವಾಗಿಯೇ ಕೇಳಿದೆ.

"ಸತ್ತವರ ಕುರ್ಚಿ ಮ್ಯಾಲ ಕುಂದ್ರಾಕ ನನಗ ಹಗಲತ್ತನ್ಯಾಗ ಅಂಜಿಕಿ ಬರ್ತೈತ್ರಿ. ಕತ್ತಲದಾಗ ಒಬ್ಬಾಕಿ ಬಂದು ಏನ ಮಾಡ್ಲಿ?"

ಆಕೆಯ ಮಾತು ಖರೇ ಅನ್ನಿಸಿತು. ಅನ್ನಿಸಿದ್ದನ್ನು ಪುರಾವೆ ಎಂದು ಯಾರೂ ಒಪ್ಪುವುದಿಲ್ಲವಲ್ಲ. ಮೋಡೆಮ್ ಬದಲಿಸಿದೆ. ರೌಟರಿನಲ್ಲಿ ಫೋನು ಜೋಡಿಸುವ ಕಾರ್ಡನ್ನೂ ಬದಲಿಸಿದೆ. ಮಾರನೇ ದಿನ ಕರೆ ಬರಲಿಲ್ಲ, ನಾನು ಬೀಗಿದೆ. ಅದರ ಮಾರನೇ ಬೆಳಿಗ್ಗೆ ಬಂತು, ಮೊದಲಿಗಿಂತ ಸ್ಪಷ್ಟವಾಗಿ.

ಕಾರ್ಡಿನಿಂದ ಗೋಡೆಗೆ ಹೋಗಿದ್ದ ಫೋನಿನ ತಂತಿಯನ್ನೇ ಕಿತ್ತು ಬಿಸಾಡಿದ್ದರೆ ಸದ್ದು ಅವತ್ತೇ ನಿಲ್ಲುತ್ತಿತ್ತು. ಆಕೆಯ ಮೇಲಿನ ಮಾತು ನಿಲ್ಲುತ್ತಿರಲಿಲ್ಲ. ಸಿಕ್ಕಿಬೀಳುತ್ತೇನೆಂದು ಬಿಟ್ಟಳು ಎಂದು ಮಗ ಊರೆಲ್ಲ ಹೇಳುತ್ತಿದ್ದ. ಹಾಗಾಗಿ ತಂತಿ ಹಾಗೇ ಬಿಟ್ಟು, ಮೇಜಿನ ಮೇಲಿದ್ದ ಫೋನನ್ನೇ ಗೋಡೆಯ ಸಾಕೆಟ್ಟಿನಿಂದ ಬಿಡಿಸಿ ಚೀಲಕ್ಕೆ ಹಾಕಿಕೊಂಡೆ. ಕೇಂದ್ರಕ್ಕೆ ಬೀಗ ಹಾಕಿಸಿ, ಆಕೆಯ ಕೀಲಿಯನ್ನೂ ಇಸಿದುಕೊಂಡು ರೋಣದ ಲಾಡ್ಜಿಗೆ ಬಂದು ಮಲಗಿದೆ. ಎತ್ತಲು ರಿಸೀವರೇ ಇಲ್ಲದ ಮೇಲೆ ಯಾರು ಎತ್ತಿಯಾರು?

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಮಗನ ಕರೆ ನನ್ನ ಮೊಬೈಲಿಗೆ ಬಂತು. ದನಿಯಲ್ಲಿ ಹಿಂದಿನ ಜೋರು ಇರಲಿಲ್ಲ.

"ಬಂತ್ರಿ."

"ಎಲ್ಲಿಂದ?"

"ಅದ ಲೈನ್ರಿ. ಗಜೇಂದ್ರಗಡದ್ದು. ಅಪ್ಪಾ ಮಾತಾಡಾಕತ್ತಾನ."

ಮಂಚದ ಮೇಲಿದ್ದ ಚೀಲದ ಕಡೆ ನೋಡಿದೆ. ಫೋನು ಅದರೊಳಗೇ ಇತ್ತು, ಅದರ ವೈರನ್ನು ಅದಕ್ಕೇ ಸುತ್ತಿಟ್ಟಿದ್ದೆ. ಹುಚ್ಚನ ಹಾಗೆ ಅದನ್ನು ಹೊರತೆಗೆದು ಕಿವಿಗಿಟ್ಟುಕೊಂಡೆ ಕೂಡ. ಅದು ಸತ್ತುಬಿದ್ದಿತ್ತು. ಬಾಯಲ್ಲಿದ್ದ ಪೇಸ್ಟಿನ ನೊರೆ ಉಗಿಯುವುದನ್ನೂ ಮರೆತು ಎಷ್ಟೋ ಹೊತ್ತು ಹಾಗೇ ಕೂತಿದ್ದೆ. ಆ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು.

ಹುಬ್ಬಳ್ಳಿಯ ನಮ್ಮ ಕಂಪನಿಯ ಸಾಹೇಬರಿಗೆ ಹೇಳಿದರೆ, "ಲೈನು ಕಿತ್ತುಹಾಕಿ ಬಂದುಬಿಡು ಮಾರಾಯ, ನಿನಗ್ಯಾಕೆ ಅವರ ಮನೆ ಉಸಾಬರಿ," ಎಂದರು. ಬುದ್ಧಿವಂತರ ಮಾತು ಅದು. ಆದರೆ ನಾನು ಹೋಗಿ ಬೀಗ ತೆಗೆದಾಗ ಕೇಂದ್ರಕ್ಕೆ ಬಂದ ನೇಕಾರರು ಆಗಲೇ ಆಕೆಯ ಎದುರು ನಿಲ್ಲಲು ಹಿಂಜರಿಯುತ್ತಿದ್ದರು. ಕೆಲವರಿಗೆ ಆಕೆ ಕಳ್ಳಿ, ಕೆಲವರಿಗೆ ಆಕೆ ಏಜೆಂಟರನ್ನು ಕರೆಸಿಕೊಳ್ಳುವ ಮಾಟಗಾತಿ. ಎರಡರಲ್ಲಿ ಯಾವುದು ಮೇಲು ಎಂದು ನನಗಂತೂ ತಿಳಿಯಲಿಲ್ಲ. ಯಂತ್ರವನ್ನು ಕೇಳುವುದು ಸಾಕು, ಜಾಗದಲ್ಲೇ ನಿಂತು ನೋಡಬೇಕು ಎಂದು ನಿಶ್ಚಯಿಸಿದೆ. ಆಕೆಯ ತಂಗಿಯ ಮನೆ ನರಗುಂದದಲ್ಲಿತ್ತು. "ಅಲ್ಲಿಗೆ ಹೋಗಿ ಇರಿ. ಬೆಳಿಗ್ಗೆ ಅಂಗಡಿಗೆ ಹೋಗಿ, ಯಜಮಾನರ ಪಕ್ಕದಲ್ಲೇ, ಮಗನ ಕಣ್ಣೆದುರಿಗೇ ಕೂತಿರಿ," ಎಂದೆ. ನಾನು ಗಜೇಂದ್ರಗಡದಲ್ಲೇ ಉಳಿದುಕೊಂಡೆ.

ಮೊದಲ ಬೆಳಿಗ್ಗೆ ಏನೂ ಆಗಲಿಲ್ಲ. ಇನ್ನೊಂದು ದಿನ ನೋಡೋಣ ಎಂದು ಆಕೆಯನ್ನೂ ಮಗನನ್ನೂ ಗೋಗರೆದೆ. ಆ ದಿನ ಬೆಳಕು ಹರಿಯುವ ಹೊತ್ತಿಗೆ ಕೇಂದ್ರದ ಬಾಗಿಲೆದುರು ನಿಂತಿದ್ದೆ. ಬೀಗ ನಾನು ಹಾಕಿದ ಹಾಗೇ ಇತ್ತು. ಕಿಟಕಿಯ ಸಂದಿಯಿಂದ ಒಳಗೆ ನೋಡಿದೆ. ಏಜೆಂಟರ ಕುರ್ಚಿ, ಮೇಜು, ಮೇಜಿನ ಮೇಲೆ ಫೋನಿದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ. ಮೂಲೆಯಲ್ಲಿ ರೌಟರ್. ಯಾರೋ ರಿಸೀವರ್ ಎತ್ತಿದಾಗ ಮಾತ್ರ ಹತ್ತಿಕೊಳ್ಳುವ ಅದರ ಹಸಿರು ದೀಪ ಆರಿತ್ತು.

ನಾನು ನೋಡುತ್ತಿದ್ದ ಹಾಗೇ ಅದು ಹತ್ತಿಕೊಂಡಿತು.

ನನ್ನ ಮೊಬೈಲ್ ರಿಂಗಾಯಿತು. "ಬಂತ್ರಿ!" ಎಂದ ಮಗ. "ಈ ಬಾಯಿ ಇಲ್ಲೇ ಕುಂತಾಳ್ರಿ. ನನ್ನ ಎದುರಿಗೇ ಕುಂತಾಳ." ಪುರಾವೆ ಪುರಾವೆ ಎಂದು ಕುಣಿದವನಿಗೆ ಪುರಾವೆ ಸಿಕ್ಕಿತ್ತು. "ತಗೋರಿ, ನೀವ ಮಾತಾಡ್ರಿ," ಎಂದು ಆಕೆಯ ಕೈಗೇ ಮೊಬೈಲ್ ಕೊಟ್ಟುಬಿಟ್ಟ.

"ಆ ರಿಸೀವರ್ ಹತ್ತಿರ ಮೊಬೈಲ್ ಹಿಡೀರಿ," ಎಂದೆ. ಆಕೆ ಹಿಡಿದರು. ಯಜಮಾನರ ಗೊಣಗುಮಾತಿನ ನಡುವೆ ಅದೇ ಉಸಿರು. ಉದ್ದಕ್ಕೆ ಒಳಗೆ, ತಡೆ, ಹೊರಗೆ. ಕಣ್ಣು ಒಳಗಿನ ಹಸಿರು ದೀಪದ ಮೇಲಿತ್ತು, ಖಾಲಿ ಕುರ್ಚಿಯ ಮೇಲಿತ್ತು. ಆಗ ಗಮನಕ್ಕೆ ಬಂತು, ಆ ಉಸಿರು ಮೊಬೈಲ್ ಇಲ್ಲದ ಕಿವಿಗೂ ಕೇಳುತ್ತಿದೆ. ಅದು ಬರುತ್ತಿದ್ದದ್ದು ನನ್ನ ಬೆನ್ನ ಹಿಂದಿನಿಂದ.

ತಿರುಗಿ ನೋಡಲು ಧೈರ್ಯ ಒಟ್ಟುಮಾಡಿಕೊಳ್ಳಬೇಕಾಯಿತು.

ಓಣಿಯ ಉದ್ದಕ್ಕೂ ಹಾಸು ಹರಡಿದ್ದರು. ಮಗ್ಗಕ್ಕೇರಿಸುವ ಮೊದಲು ನೂಲನ್ನು ಹೀಗೆ ಬಿಗಿಯಾಗಿ ಎಳೆದು ಕಟ್ಟಿ, ಬಿಸಿಲೇರುವುದರೊಳಗೆ ಗಂಜಿ ಬಳಿದು, ದೊಡ್ಡ ಕುಂಚದಿಂದ ತಿಕ್ಕಿ ಒಣಗಿಸುವುದು ಅಲ್ಲಿಯ ರೂಢಿ. ಗಂಡ ಹೆಂಡತಿ ಆಚೆಗೊಬ್ಬರು ಈಚೆಗೊಬ್ಬರು ನಿಂತು, ಒಂದೇ ಕುಂಚವನ್ನು ಕೈಯಿಂದ ಕೈಗೆ ದಾಟಿಸುತ್ತಾ ಎಳೆಯುತ್ತಿದ್ದರು. ಸರ್ರನೆ ಹೋಗುವುದು, ಕೈ ಬದಲಿಸಲು ಒಂದು ತಡೆ, ಸರ್ರನೆ ಬರುವುದು.

ಹಾಸಿನ ತುದಿಯ ಹಗ್ಗ ಎಲ್ಲಿಗೆ ಕಟ್ಟಿದೆ ಎಂದು ನೋಡುತ್ತಾ ಹೋದೆ. ಬೀಗ ಬಿದ್ದಿದ್ದ ಒಂದು ಮನೆಯ ಕಿಟಕಿಯ ಕೊಂಡಿಗೆ ಕಟ್ಟಿದ್ದರು. ಅದೇ ಕೊಂಡಿಗೆ ಹಳೆಯ ಟೆಲಿಫೋನ್ ವೈರಿನ ಬೆತ್ತಲೆ ತುದಿಗಳೆರಡನ್ನು ಯಾರೋ ಅಚ್ಚುಕಟ್ಟಾಗಿ ಸುತ್ತಿಟ್ಟಿದ್ದರು. ಗಂಜಿ ಕುಡಿದು ತೊಯ್ದ ಹಗ್ಗ ಎರಡು ತುದಿಗಳನ್ನೂ ಒತ್ತಿಕೊಂಡು ಕೂತಿತ್ತು. ಆ ವೈರು ಸೂರಿನ ಕೆಳಗೆ ಹಾಯ್ದು ಕೇಂದ್ರದ ಗೋಡೆಯೊಳಗೆ ಹೋಗಿತ್ತು. ನಮ್ಮ ಯಂತ್ರಕ್ಕೆ ಈ ಹಸಿ ಹಗ್ಗವೇ ಎತ್ತಿದ ರಿಸೀವರ್. ಕುಂಚ ಎಳೆದಾಗ ಹಗ್ಗ ಬಿಗಿಯುತ್ತಿತ್ತು, ಬಿಟ್ಟಾಗ ಸಡಿಲಾಗುತ್ತಿತ್ತು, ಆ ಬಿಗಿ ಸಡಿಲೇ ನರಗುಂದದಲ್ಲಿ ಉಸಿರಾಗುತ್ತಿತ್ತು.

"ಈ ಮನೆ ಯಾರದು?" ಎಂದೆ.

"ಏಜೆಂಟ್ರದ್ರಿ," ಎಂದ ನೇಕಾರ. "ಅವರು ಇದ್ದಾಗಿಂದ್ಲೂ ಈ ಕೊಂಡಿಗೇ ಕಟ್ತೀವ್ರಿ. ಅವರು ಹ್ವಾದ ಮ್ಯಾಲ ಮಗಳ ಮನ್ಯಾವ್ರು ಬಂದು ಫೋನು, ಸಾಮಾನು ಎಲ್ಲಾ ಬಿಚ್ಚಿ ಒಯ್ದ್ರು."

ಗೆದ್ದ ಖುಷಿಯಲ್ಲಿ ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಖಾತ್ರಿ ಮಾಡಿಕೊಳ್ಳಬೇಕೆಂದು ಕುಂಚ ನಿಲ್ಲಿಸಲು ಹೇಳಿದೆ. ಮೊಬೈಲಿನಲ್ಲಿ, "ಈಗ?" ಎಂದೆ.

"ನಿಂತೈತ್ರಿ," ಎಂದರು ಅಕ್ಕ.

ಎಳೆಯಲು ಹೇಳಿದೆ. "ಈಗ?"

"ಸುರು ಆತ್ರಿ."

ಮತ್ತೆ ನಿಲ್ಲಿಸಿದೆ. ಯಜಮಾನರು ಯಾರದೋ ಹೆಸರು ಹಿಡಿದು ಕರೆಯುತ್ತಿದ್ದದ್ದು ದೂರದಲ್ಲಿ ಕೇಳಿತು, ಮತ್ತೆ ಮತ್ತೆ, ದನಿ ಏರಿಸಿ. ಆಮೇಲೆ ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದಂತೆ ಪಿಸುಗುಟ್ಟಿದರು: "ನಿಲ್ಲಸಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನ್ರಿ, ನಿಲ್ಲಸಬ್ಯಾಡ್ರಿ. ಯಜಮಾನ್ರು ಅಳಾಕತ್ತಾರ."

ನಾನೇ ಕುಂಚದ ತುದಿ ಹಿಡಿದು ಎಳೆದೆ. ಆ ಗಂಡ ಹೆಂಡತಿ ನನ್ನನ್ನು ಹುಚ್ಚನೆಂದುಕೊಂಡಿರಬೇಕು. ನೂಲು ಒಣಗುವ ತನಕ ಮೂವರೂ ಎಳೆದೆವು, ದೀಪ ತಾನಾಗಿ ಆರಿತು.

ಮಧ್ಯಾಹ್ನ ನರಗುಂದದಲ್ಲಿ ನಾಲ್ವರೂ ಒಂದೆಡೆ ಕೂತೆವು. ದಾರಿಯುದ್ದಕ್ಕೂ ಯೋಚಿಸಿದ್ದೆ. ಹಗ್ಗದ ಮಾತು ಮುಚ್ಚಿಟ್ಟರೆ ಮುದುಕರಿಗೆ ಗೆಳೆಯ ಉಳಿಯುತ್ತಿದ್ದ, ಆಕೆಗೆ ಮಾಟಗಾತಿಯ ಹೆಸರು ಉಳಿಯುತ್ತಿತ್ತು. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಹೇಳುವಾಗ ಯಜಮಾನರ ಮುಖ ನೋಡಲಾಗಲಿಲ್ಲ.

"ಆ ವೈರ್ ಯಾರು ಎಳದದ್ದು?" ಎಂದ ಮಗ.

"ನಾನ ಎಳಿಸಿದ್ದು," ಎಂದರು ಯಜಮಾನರು. "ಧಂದೇದ ಫೋನಿನ್ಯಾಗ ಹರಟಿ ಹೊಡೀಬ್ಯಾಡ್ರಿ ಅಂತ ನೀ ಗಲಾಟಿ ಮಾಡ್ತಿದ್ದಿ. ಅದಕ್ಕ ಯಾರಿಗೂ ಹೇಳದ ಅವನ ಮನಿಗೆ ಒಂದು ವೈರ್ ಎಳದು ಇನ್ನೊಂದು ಫೋನ್ ಹಾಕಿಸಿದ್ವಿ. ಬಾಗಲಾ ತೆರಿಯೂ ಮದ್ಲ ಅವ ಹಾಸಿಗ್ಯಾಗಿಂದನ ಮಾತಾಡ್ತಿದ್ದ."

"ಹಂಗಾರ ಕರೆ ಕೇಂದ್ರದ ಒಳಗಿಂದ ಬರವಲ್ದು ಅಂತ ನಿನಗ ಗೊತ್ತಿತ್ತು?"

"ಅವನ ಮನಿಂದ ಬರ್ತೈತಿ ಅಂತ ಗೊತ್ತಿತ್ತು. ಬೀಗ ಹಾಕಿದ ಮನಿ." ಅವರು ಆಕೆಯ ಕಡೆ ತಿರುಗಿದರು. "ನೀ ಅಲ್ಲ ಅಂತ ಮದ್ಲನೇ ದಿನದಿಂದ ಗೊತ್ತಿತ್ತವಾ ನನಗ. ಹೇಳಿದ್ರ ವೈರ್ ಕಡೀತಾರ ಅಂತ ಹೇಳಲಿಲ್ಲ. ಸತ್ತಾವನ ಸಲುವಾಗಿ ಬದುಕಿದಾಕೀನ ಹಾಳ ಮಾಡಾಕ ಹತ್ತಿದ್ನಿ."

ನನಗೆ ಅವರ ಮೇಲೆ ಸಿಟ್ಟು ಬಂತು, ಕನಿಕರವೂ ಬಂತು, ಎರಡೂ ಒಂದಕ್ಕೊಂದು ದಾರಿ ಬಿಡಲಿಲ್ಲ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ನಾನು ಇಸಿದುಕೊಂಡಿದ್ದ ಕೀಲಿಗಾಗಿ ನನ್ನ ಮುಂದೆ ಕೈ ಚಾಚಿದರು. ಕೊಟ್ಟೆ. ಮಗ ತಲೆ ತಗ್ಗಿಸಿ, "ತಪ್ಪಾತ್ರಿ ಅಕ್ಕಾರ, ನಾಳಿಂದ ಬರ್ರಿ," ಎಂದ. ಇಷ್ಟು ದಿನ ಅವನ ಮಾತಿನಲ್ಲಿ ಆಕೆ ಬರೀ 'ಆ ಬಾಯಿ', ಯಾವುದೋ ಒಬ್ಬ ಹೆಂಗಸು.

ಮರುದಿನ ಗಜೇಂದ್ರಗಡಕ್ಕೆ ಹೋಗಿ ಆ ವೈರು ಕತ್ತರಿಸಿದೆ, ಏಜೆಂಟರ ಕಿಟಕಿಯಿಂದ ಕೇಂದ್ರದ ಗೋಡೆಯ ತನಕ ಸುತ್ತಿ ತೆಗೆದೆ. ಫೋನು ಮತ್ತೆ ಮೇಜಿನ ಮೇಲೆ ಕೂತಿತು. ಲೈನು ಶುದ್ಧವಾಗಿದೆಯೇ ಎಂದು ಕೊನೆಯ ಸಲ ನೋಡುವುದಕ್ಕೆ ನರಗುಂದಕ್ಕೆ ಮರಳಿ, ಮಾರನೇ ಬೆಳಿಗ್ಗೆ ಅಂಗಡಿಯ ಒಳಗೋಣೆಯಲ್ಲಿ ರೌಟರಿಗೆ ಲೈನಿನ ಸದ್ದು ಕೇಳಿಸುವ ನನ್ನ ಪರೀಕ್ಷೆಯ ಫೋನು ಸಿಕ್ಕಿಸಿಕೊಂಡು ಕೂತೆ. ಕೇಂದ್ರ ತೆರೆದ ಕೂಡಲೇ ರಿಸೀವರ್ ಎತ್ತಬೇಕೆಂದು ಆಕೆಗೆ ಹೇಳಿ ಬಂದಿದ್ದೆ.

ಗಂಟೆ ಹೊಡೆದುಕೊಂಡಿತು. ಯಜಮಾನರು ಕೂತಲ್ಲಿಂದ ಏಳಲಿಲ್ಲ, ಅದು ಹೊಡೆದುಕೊಳ್ಳುತ್ತಲೇ ಇತ್ತು. ಕೊನೆಗೆ ಎದ್ದು ಬಂದು ಎತ್ತಿದರು, ಏನೂ ಮಾತಾಡಲಿಲ್ಲ. ಆ ತುದಿಯಲ್ಲಿ ಆಕೆಗೂ ಬಾಯಿ ಬರಲಿಲ್ಲವೆಂದು ಕಾಣುತ್ತದೆ. ಲೈನಿನಲ್ಲಿ ಒಂದು ಚೂರೂ ಸದ್ದಿಲ್ಲ. ಆ ನಿಶ್ಶಬ್ದದಲ್ಲಿ ಓಣಿಯ ತನಕ ಲಗುಬಗೆಯಿಂದ ನಡೆದು ಬಂದ ಹೆಣ್ಣುಮಗಳೊಬ್ಬಳ ಉಸಿರಾಟ ಮಾತ್ರ ನನ್ನ ಕಿವಿಗೆ ತಿಳಿಯಾಗಿ ಕೇಳುತ್ತಿತ್ತು. ಯಜಮಾನರಿಗೂ ಕೇಳಿರಬೇಕು. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಮಾತಾಡು ಮಗಳ," ಎಂದರು. "ಬರೇ ಉಸುರು ಬ್ಯಾಡ ಇನ್ನ."